ಸಹಾಯ ಬೇಕು: ಮಾರ್ಕೆಸ್ ಅವರ ಆರಂಭದ ಗದ್ಯದಲ್ಲಿ ಹೆಮಿಂಗ್ವೇ ಪ್ರಭಾವವನ್ನು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್‌ನಲ್ಲಿ ಬರೆದ ಕೊಲಂಬಿಯಾದ ಲೇಖಕ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ಮೊದಲ ಕಾದಂಬರಿಗಳ ಗದ್ಯಶೈಲಿಯ ಬಗ್ಗೆ ಪ್ರಬಂಧವೊಂದನ್ನು ಬರೆಯುತ್ತಿದ್ದು, ಮೂರು ವಾರಗಳಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

1955ರ 'ಲೀಫ್ ಸ್ಟಾರ್ಮ್' ಬಗ್ಗೆ ನನಗೆ ಗೊಂದಲವಿಲ್ಲ. ಊರೇ ದ್ವೇಷಿಸುವ ವೈದ್ಯನೊಬ್ಬನ ಶವದ ಬಳಿ ಕುಳಿತ ಅಜ್ಜ, ಮಗಳು ಮತ್ತು ಮೊಮ್ಮಗ ಸರದಿಯಂತೆ ತಮ್ಮೊಳಗೇ ಮಾತನಾಡಿಕೊಳ್ಳುವ ಆ ರಚನೆ, ಅಮೆರಿಕದ ಕಾದಂಬರಿಕಾರ ಫಾಕ್ನರ್ ಅವರ 'ಆಸ್ ಐ ಲೇ ಡೈಯಿಂಗ್' ಓದಿದವರಿಗೆ ಕೂಡಲೇ ಪರಿಚಿತವೆನಿಸುತ್ತದೆ. ಆದರೆ 1961ರಲ್ಲಿ ಪುಸ್ತಕವಾಗಿ ಬಂದ, ಪಿಂಚಣಿಯ ಪತ್ರಕ್ಕಾಗಿ ವರ್ಷಗಟ್ಟಲೆ ಕಾಯುವ ಕರ್ನಲ್‌ನ ಕಥೆ 'ನೋ ಒನ್ ರೈಟ್ಸ್ ಟು ದ ಕರ್ನಲ್'ನಲ್ಲಿ ವಾಕ್ಯಗಳು ಚಿಕ್ಕದಾಗಿ, ವಿಶೇಷಣಗಳೇ ಇಲ್ಲವೆನ್ನುವಷ್ಟು ಬರಿದಾಗುತ್ತವೆ. ಇದಕ್ಕೆ ಚಿಕ್ಕ, ನೇರ ವಾಕ್ಯಗಳಿಗೆ ಹೆಸರಾದ ಅಮೆರಿಕದ ಲೇಖಕ ಹೆಮಿಂಗ್ವೇ ಕಾರಣವೆಂಬ ಮಾತಿದೆ. ಮಾರ್ಕೆಸ್ ಅವರೇ 1981ರ ಲೇಖನವೊಂದರಲ್ಲಿ ಫಾಕ್ನರ್ ಮತ್ತು ಹೆಮಿಂಗ್ವೇ ಇಬ್ಬರನ್ನೂ ತಮ್ಮ ಗುರುಗಳೆಂದು ಕರೆದಿದ್ದಾರೆ. ಆದರೆ ಈ ಎರಡು ಕೃತಿಗಳ ನಡುವಿನ ಕಾಲದಲ್ಲಿ ಮಾರ್ಕೆಸ್ ಕೊಲಂಬಿಯಾದ ರಾಜಧಾನಿ ಬೊಗೋಟಾದ 'ಎಲ್ ಎಸ್ಪೆಕ್ಟಡೋರ್' ಪತ್ರಿಕೆಯ ವರದಿಗಾರರಾಗಿದ್ದರಲ್ಲವೇ? ಬಿಗಿಯಾದ ವಾಕ್ಯ ಪತ್ರಿಕಾಲಯದ ಅಭ್ಯಾಸವೂ ಆಗಿರಬಹುದು.

ಎರಡೂ ಕೃತಿಗಳ ಪುಟಗಳನ್ನು ಎದುರುಬದುರು ಇಟ್ಟುಕೊಂಡು ವಾಕ್ಯಗಳ ಉದ್ದವನ್ನು ಎಣಿಸಿ ನೋಡಿದೆ. ಆಮೇಲೆ ಹೊಳೆಯಿತು (ತಡವಾಗಿಯೇ ಎನ್ನಿ): ನಾನು ಓದಿದ ಇಂಗ್ಲಿಷ್ ಅನುವಾದಗಳಲ್ಲಿ ಮೊದಲನೆಯದು ಗ್ರೆಗರಿ ರಬಾಸಾ ಅವರದು, ಎರಡನೆಯದು ಜೆ. ಎಸ್. ಬರ್ನ್‌ಸ್ಟೈನ್ ಅವರದು. ಹಾಗಾದರೆ ನಾನು ಎಣಿಸಿದ್ದು ಯಾರ ಶೈಲಿಯನ್ನು? ನನಗೆ ಸ್ಪ್ಯಾನಿಷ್ ಬರುವುದಿಲ್ಲ.

ಸ್ಪ್ಯಾನಿಷ್ ಮೂಲವನ್ನು ಓದಿದವರು ದಯವಿಟ್ಟು ತಿಳಿಸಿ: ಈ ಎರಡು ಕೃತಿಗಳ ವಾಕ್ಯರಚನೆಯ ವ್ಯತ್ಯಾಸ ಮೂಲದಲ್ಲಿಯೂ ಇಷ್ಟೇ ಸ್ಪಷ್ಟವಾಗಿದೆಯೇ? ಇದ್ದರೆ, ವರದಿಗಾರಿಕೆಯ ಅಭ್ಯಾಸದಿಂದ ಬೇರ್ಪಡಿಸಿ ಇದು ಹೆಮಿಂಗ್ವೇ ಪ್ರಭಾವವೆಂದು ತೋರಿಸಲು ಪಠ್ಯದಲ್ಲಿ ಯಾವ ಲಕ್ಷಣವನ್ನು ಹುಡುಕಬೇಕು?