ಕ್ಯಾಲಿಫೋರ್ನಿಯಾದಲ್ಲಿ ಕಾರುಗಳ ಸಾಲಿನ ನಡುವೆ ಬೈಕ್ ಓಡಿಸಬಹುದೇ?

ಪ್ರಶ್ನೆ: ಬೆಂಗಳೂರಿನಿಂದ ಬಂದು ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನಾನು ಬೈಕ್ ಕೊಳ್ಳಬೇಕೆಂದಿದ್ದೇನೆ. ಕಾರುಗಳ ಸಾಲುಗಳ ನಡುವೆ ಸಾಗಲು ಇಲ್ಲಿ ಕಾನೂನಿನ ಸಮ್ಮತಿ ಇದೆಯೇ? ಇದ್ದರೆ ಎಷ್ಟು ವೇಗ ಸುರಕ್ಷಿತ?

ಉತ್ತರ 1: ಸಮ್ಮತಿ ಇದೆ. 2016ರಲ್ಲಿ ಅಂಗೀಕಾರವಾದ ಎಬಿ 51 ಮಸೂದೆ 2017ರ ಜನವರಿಯಿಂದ ಜಾರಿಯಲ್ಲಿದೆ, ಆದರೆ ಅದು ವೇಗಮಿತಿಯನ್ನು ನಿಗದಿಪಡಿಸಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ 2015ರ ಅಧ್ಯಯನದ ಪ್ರಕಾರ, ಸುತ್ತಲಿನ ವಾಹನಗಳು ಗಂಟೆಗೆ 50 ಮೈಲಿಗಿಂತ ವೇಗವಾಗಿ ಚಲಿಸದೆ, ಬೈಕಿನ ವೇಗ ಅವುಗಳಿಗಿಂತ 15 ಮೈಲಿಗಿಂತ ಹೆಚ್ಚಾಗದೆ ಇದ್ದಲ್ಲಿ ಅಪಾಯ ತಕ್ಕಮಟ್ಟಿಗೆ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ 10 ಮೈಲಿಯೇ ಸಾಕು.

ಉತ್ತರ 2: ಸಂದು ಕಂಡಲ್ಲೆಲ್ಲ ನುಗ್ಗುವ ನಮ್ಮೂರಿನ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬನ್ನಿ. ಎಡತುದಿಯ ಎರಡು ಲೇನ್‌ಗಳ ನಡುವೆಯೇ ಸಾಗಿರಿ. ಬಲಬದಿಯಲ್ಲಿ ಹೆದ್ದಾರಿಗೆ ಸೇರುವ ಮತ್ತು ಹೊರಹೋಗುವ ವಾಹನಗಳು ಅಡ್ಡ ಬರುತ್ತವೆ. ಟ್ರಕ್ಕಿನ ಪಕ್ಕದಲ್ಲಿ ಎಂದಿಗೂ ತಂಗಬೇಡಿ.

ಉತ್ತರ 3: ಕಾರು ಓಡಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ಬೈಕನ್ನು ಬೇಕೆಂದೇ ಅಡ್ಡಗಟ್ಟುವುದೂ ಬಾಗಿಲು ತೆರೆದು ತಡೆಯುವುದೂ ಇಲ್ಲಿ ಕಾನೂನುಬಾಹಿರ. ಕೆಲವರು ಲೇನಿನ ಅಂಚಿಗೆ ಸರಿದು ದಾರಿ ಕೊಡುತ್ತಾರೆ. ಅವರಿಗೆ ಎಡಗೈ ಎತ್ತಿ ವಂದಿಸಿರಿ. ಗಡಿ ದಾಟಿ ಅರಿಝೋನಾಕ್ಕೆ ಹೋದರೆ ನಿಯಮ ಬೇರೆ: ಅಲ್ಲಿ ನಿಂತಿರುವ ವಾಹನಗಳ ನಡುವೆ ಮಾತ್ರ, 15 ಮೈಲಿ ಮೀರದ ವೇಗದಲ್ಲಿ ಸಾಗಬಹುದು.