ಶಾಲೆಯ ಖಾಲಿ ಕೊಠಡಿಗಳಲ್ಲಿ ಗ್ಯಾಲರಿ: ಹೊರದೇಶದ ಕಲಾವಿದರನ್ನೂ ನಮ್ಮವರನ್ನೂ ಒಟ್ಟಿಗೆ ತೋರಿಸುವುದು ಹೇಗೆ?

ಚಿತ್ರಕಲಾ ಅಧ್ಯಾಪಕ, ಬದಿಯಡ್ಕ:

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮ ಅನುದಾನಿತ ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದು ಕೆಲವು ಕೊಠಡಿಗಳು ಖಾಲಿ ಬಿದ್ದಿದ್ದು, ಅವುಗಳನ್ನು ಕಲಾಗ್ಯಾಲರಿಗೆ ಬಿಟ್ಟುಕೊಡಲು ಆಡಳಿತ ಮಂಡಳಿ ಒಪ್ಪಿದೆ. ಬೇರೆ ಬೇರೆ ದೇಶಗಳ, ಸಂಸ್ಕೃತಿಗಳ ಸಮಕಾಲೀನ ಕಲಾವಿದರ ಕೃತಿಗಳನ್ನು ಕಾಸರಗೋಡು ಜಿಲ್ಲೆಯ ಕಲಾವಿದರ ಕೃತಿಗಳ ಜೊತೆಗೇ ತೋರಿಸಬೇಕೆಂಬುದು ನನ್ನ ಆಸೆ. ಸಮಿತಿಯಲ್ಲಿ ಕೆಲವರು, ಯಕ್ಷಗಾನದ ಮುಖವರ್ಣಿಕೆ ಮತ್ತು ದೈವದ ಅಣಿ (ಕೋಲದಲ್ಲಿ ಬೆನ್ನಿಗೆ ಕಟ್ಟುವ ಎತ್ತರದ ಅಲಂಕಾರ) ನಮ್ಮಲ್ಲೇ ಇರುವಾಗ ಆಫ್ರಿಕದ, ದಕ್ಷಿಣ ಅಮೆರಿಕದ ಕಲೆ ನಮಗೇಕೆ ಎನ್ನುತ್ತಾರೆ. ಉಳಿದವರು ನಮ್ಮದೆಲ್ಲ ಜಾನಪದ, ಅದಕ್ಕೆ ಬೇರೆ ಕೊಠಡಿ ಇರಲಿ ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ, ಆದರೆ ಏಕೆ ಎಂದು ಸಮಿತಿಗೆ ವಿವರಿಸಲು ಬಲವಾದ ಉದಾಹರಣೆಗಳು ಬೇಕಾಗಿವೆ. ಇಂಥ ಗ್ಯಾಲರಿಗಳು ಕಲಾವಿದರನ್ನು ಯಾವ ಆಧಾರದ ಮೇಲೆ ಆರಿಸುತ್ತವೆ, ಹಣದ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಉಪನ್ಯಾಸಕಿ, ಮಂಜೇಶ್ವರ:

ಮಾಸ್ತರರೇ, ಬೇರೆ ಕೊಠಡಿಯ ಸಲಹೆಯನ್ನು ಖಂಡಿತ ಒಪ್ಪಬೇಡಿ. ಲಂಡನ್ನಿನಲ್ಲಿ 1979ರಲ್ಲಿ ಆರಂಭವಾದ ಅಕ್ಟೋಬರ್ ಗ್ಯಾಲರಿಯೂ ಹಳೆಯ ಶಾಲಾ ಕಟ್ಟಡವೊಂದರಲ್ಲೇ ಇದೆ. ಯುರೋಪು ಮತ್ತು ಅಮೆರಿಕದ ಆಚೆಗಿನ ಸಮಕಾಲೀನ ಕಲೆಯತ್ತ ಅಲ್ಲಿನ ಮಾರುಕಟ್ಟೆ ಹೆಚ್ಚಾಗಿ ಕಣ್ಣು ಹಾಯಿಸದಿದ್ದ ಕಾಲದಿಂದಲೂ ಅದು ಹಲವು ಖಂಡಗಳ ಕಲಾವಿದರನ್ನು ತೋರಿಸುತ್ತ ಬಂದಿದೆ. ಅದು ದೀರ್ಘಕಾಲ ಬೆಂಬಲಿಸಿದವರಲ್ಲಿ ಎಲ್ ಅನಾಟ್ಸುಯಿ ಒಬ್ಬರು. 1944ರಲ್ಲಿ ಘಾನಾದಲ್ಲಿ ಹುಟ್ಟಿ, ನೈಜೀರಿಯದ ಎನ್‌ಸುಕ್ಕಾದಲ್ಲಿ ಬಹುಕಾಲ ಶಿಲ್ಪಕಲೆ ಕಲಿಸಿದ ಅವರು, ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತಿಯಿಂದ ಹೆಣೆದು ಗೋಡೆ ತುಂಬುವಷ್ಟು ದೊಡ್ಡ ಹಾಸುಗಳನ್ನು ರೂಪಿಸುತ್ತಾರೆ. ದೂರದಿಂದ ಅದು ಜರಿಯ ಸೀರೆಯಂತೆ ಹೊಳೆಯುತ್ತದೆ. ಹತ್ತಿರ ಹೋದರೆ ಮುಚ್ಚಳಗಳ ಮೇಲೆ ಮದ್ಯದ ಹೆಸರುಗಳು ಕಾಣುತ್ತವೆ. ಆಫ್ರಿಕದ ಕರಾವಳಿಯ ಗುಲಾಮ ವ್ಯಾಪಾರದಲ್ಲಿ ಮದ್ಯವೂ ವಿನಿಮಯದ ಸರಕಾಗಿತ್ತು ಎಂಬುದು ಗೊತ್ತಿದ್ದವರಿಗೆ ಆ ಹೊಳಪನ್ನು ನೋಡಿ ಸುಮ್ಮನೆ ಸಂತೋಷಪಡುವುದು ಕಷ್ಟ. ಈ ಹಾಸುಗಳಿಗೆ ನಿಗದಿತ ಆಕಾರವೂ ಇಲ್ಲ. ತೂಗುಹಾಕುವವರು ಪ್ರತಿ ಪ್ರದರ್ಶನದಲ್ಲೂ ಬೇರೆ ಮಡಿಕೆಗಳನ್ನು ಕೊಡಬಹುದೆಂದು ಕಲಾವಿದರೇ ಬಿಟ್ಟಿದ್ದಾರೆ. ಅವರ ತಂದೆ ಘಾನಾದ ಸಾಂಪ್ರದಾಯಿಕ ಕೆಂಟೆ ಬಟ್ಟೆ ನೇಯುತ್ತಿದ್ದವರು. ಅದೊಂದನ್ನೇ ಹಿಡಿದು ಈ ಕೃತಿಗಳನ್ನು ಆಫ್ರಿಕದ ಕರಕುಶಲ ಎಂಬ ಫಲಕದ ಕೆಳಗೆ ಇಟ್ಟಿದ್ದರೆ, 2015ರಲ್ಲಿ ವೆನಿಸ್ ಬಿಯೆನಾಲೆ (ಎರಡು ವರ್ಷಗಳಿಗೊಮ್ಮೆ ನಡೆಯುವ ಕಲಾಪ್ರದರ್ಶನ) ಅವರ ಜೀವಮಾನದ ಸಾಧನೆಗೆ ಸ್ವರ್ಣ ಸಿಂಹ ಪ್ರಶಸ್ತಿ ಕೊಡುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಆಯ್ಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1989ರಲ್ಲಿ ಪ್ಯಾರಿಸಿನ ಪಾಂಪಿಡು ಕೇಂದ್ರವು ಪಾಶ್ಚಾತ್ಯ ಕಲಾವಿದರನ್ನೂ ಉಳಿದ ಜಗತ್ತಿನವರನ್ನೂ ಸರಿಸುಮಾರು ಸಮಸಂಖ್ಯೆಯಲ್ಲಿ ಸೇರಿಸಿ ದೊಡ್ಡ ಪ್ರದರ್ಶನ ನಡೆಸಿತು. ನಮ್ಮ ದೇಶದಿಂದ ವಾರ್ಲಿ ಚಿತ್ರಕಾರ ಜೀವ್ಯಾ ಸೋಮಾ ಮಾಶೆ, ಮಿಥಿಲೆಯ ಬೌವಾ ದೇವಿ ಮೊದಲಾದವರು ಅದರಲ್ಲಿದ್ದರು. ಅದು ಸಾಹಸವೇ ಸರಿ. ಆದರೆ ಪಶ್ಚಿಮದಿಂದ ನಗರದ ಆಧುನಿಕ ಕಲಾವಿದರನ್ನೂ, ನಮ್ಮಂಥ ದೇಶಗಳಿಂದ ಹೆಚ್ಚಾಗಿ ಆಚರಣೆ, ಸಂಪ್ರದಾಯಗಳಿಗೆ ಹೊಂದಿಕೊಂಡವರನ್ನೂ ಆರಿಸಲಾಯಿತೆಂಬ ಟೀಕೆ ಆಗಲೇ ಬಂತು. ಅದೇ ವರ್ಷ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಪಾಕಿಸ್ತಾನ ಮೂಲದ ಕಲಾವಿದ ರಶೀದ್ ಅರಾಯೀನ್ ಅವರು, ಬ್ರಿಟನ್ನಿನಲ್ಲೇ ನೆಲೆಸಿ ಆಧುನಿಕ ಕಲೆಯನ್ನು ರೂಪಿಸಿದ ಏಷ್ಯಾ, ಆಫ್ರಿಕ ಮತ್ತು ಕೆರಿಬಿಯನ್ ಮೂಲದ ಕಲಾವಿದರ ಪ್ರದರ್ಶನವನ್ನು ಏರ್ಪಡಿಸಿದರು. ಅಲ್ಲಿ ಯಾರೂ ತಮ್ಮ ಮೂಲದ ಸಾಕ್ಷಿಯಾಗಿ ಆಚರಣೆಯ ವಸ್ತುವನ್ನು ಹೊತ್ತು ತರಬೇಕಾಗಿರಲಿಲ್ಲ. ನೀವು ಅನುಸರಿಸಬೇಕಾದದ್ದು ಈ ದಾರಿಯನ್ನು.

ಓದುಗ, ಹೊಸದುರ್ಗ:

ಅಕ್ಕನವರು ಹೇಳಿದ ಎಲ್ಲವನ್ನೂ ಒಪ್ಪಲು ನನಗೆ ಸಾಧ್ಯವಿಲ್ಲ. ಒಂದೇ ಕೊಠಡಿಯಲ್ಲಿ ಇಡುವುದರಿಂದಲೇ ಸಮಾನತೆ ಬರುವುದಿಲ್ಲ. ನಮ್ಮ ಮನೆತನದವರು ಕೋಲ ಕಟ್ಟುವವರು. ಮುಖಕ್ಕೆ ಅರದಳದ ಹಳದಿ ಬಣ್ಣ ಹಚ್ಚುವುದು, ಅಣಿ ಏರಿಸುವುದು ದೈವದ ಕಟ್ಟಳೆಗೆ ಸೇರಿದ ಕೆಲಸ. ಅದನ್ನು ಸಮಕಾಲೀನ ಕಲೆ ಎಂದು ಕರೆದರೆ ಬಡ್ತಿ ಕೊಟ್ಟಂತಾಗುತ್ತದೆಂದು ಗ್ಯಾಲರಿಯವರು ಭಾವಿಸಬಾರದು. ಬಾರ್ಕೂರಿನ ಕಡೆಯ ಮೆಕ್ಕೆಕಟ್ಟಿನ ದೈವಸ್ಥಾನದ ಹಳೆಯ ಮರದ ಭೂತಗಳನ್ನು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು; ಅವು ಅಲ್ಲಿ ಭವ್ಯವಾಗಿಯೇ ಕಾಣುತ್ತವೆ, ಆದರೆ ಅವುಗಳಿಗೆ ನಡೆಯುತ್ತಿದ್ದ ಸೇವೆ ಅಲ್ಲಿಲ್ಲ. ಅದೇ ಮನೆತನದ ಹುಡುಗನೊಬ್ಬ ಕ್ಯಾನ್ವಾಸಿನ ಮೇಲೆ ತನ್ನ ಇಷ್ಟದಂತೆ ಚಿತ್ರ ಬರೆದರೆ ಅದು ಬೇರೆ ವಿಷಯ. ಅದನ್ನು ಖಂಡಿತ ಎಲ್ಲರ ನಡುವೆ ತೂಗುಹಾಕಿ, ಮತ್ತು ಅವನ ಹೆಸರನ್ನು ಬರೆಯಿರಿ.

ಹೆಸರಿನ ಮಾತಿಗೆ ಮಧ್ಯಪ್ರದೇಶದ ಆದಿವಾಸಿ ಚಿತ್ರಕಾರ ಜನಗಢ ಸಿಂಗ್ ಶ್ಯಾಮ್ ಅವರ ಉದಾಹರಣೆ ಸಾಕು. ಭೋಪಾಲದ ಭಾರತ ಭವನದಲ್ಲಿ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ಆದಿವಾಸಿ ಕಲಾವಿದರನ್ನೂ ನಗರದ ಕಲಾವಿದರನ್ನೂ ಅಕ್ಕಪಕ್ಕದಲ್ಲಿ ಸಮಕಾಲೀನರೆಂದೇ ತೋರಿಸಿದಾಗ ಬೆಳಕಿಗೆ ಬಂದ ಜನಗಢರು, ಪರಧಾನ ಗೊಂಡರ ಗೋಡೆಗಳಲ್ಲೂ ಇಲ್ಲದಿದ್ದ ಹೊಸ ಶೈಲಿಯನ್ನು ಕಾಗದ ಮತ್ತು ಕ್ಯಾನ್ವಾಸಿನ ಮೇಲೆ ಕಟ್ಟಿದರು. ಅವರು 2001ರಲ್ಲಿ ಜಪಾನಿನ ಒಂದು ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬರೆಯಲು ಹೋಗಿದ್ದಾಗ ಅಲ್ಲೇ ಜೀವ ಕಳೆದುಕೊಂಡರು. ಅದನ್ನು ನೆನೆದರೆ, ಕಲಾವಿದರನ್ನು ಆಹ್ವಾನಿಸುವಾಗ ಎಷ್ಟು ದಿನ, ಎಷ್ಟು ಸಂಭಾವನೆ, ಮರಳುವುದು ಯಾವಾಗ ಎಂಬುದನ್ನು ಅವರ ಭಾಷೆಯಲ್ಲೇ ಬರೆದುಕೊಡುವುದು ಗ್ಯಾಲರಿಯ ಕರ್ತವ್ಯವೆಂದು ನಾನು ತಿಳಿದಿದ್ದೇನೆ.

ಹೊರದೇಶದವರು ಏಕೆ ಎಂದು ಕೇಳುವ ಸದಸ್ಯರಿಗೆ 2016ರ ಕೊಚ್ಚಿ ಬಿಯೆನಾಲೆಯನ್ನು ನೆನಪಿಸಿ. ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಅವರು ಅದರ ಕ್ಯುರೇಟರ್ (ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವವರು) ಆಗಿದ್ದರು. ಚಿಲಿಯ ಕವಿ ರೌಲ್ ಸುರೀತಾ ಅವರು ಅಸ್ಪಿನ್‌ವಾಲ್ ಹೌಸಿನ ಉದ್ದನೆಯ ಗೋದಾಮಿನಲ್ಲಿ ಸಮುದ್ರದ ನೀರು ತುಂಬಿಸಿ, ಗೋಡೆಗಳಲ್ಲಿ ಕವನದ ಸಾಲುಗಳನ್ನಿಟ್ಟು, ವಲಸೆಯ ದಾರಿಯಲ್ಲಿ ಮುಳುಗಿ ಸತ್ತ ಸಿರಿಯಾದ ಬಾಲಕ ಗಾಲಿಪ್ ಕುರ್ದಿಗೆ ಅದನ್ನು ಅರ್ಪಿಸಿದ್ದರು. ನೋಡುವವರು ನೀರಿನಲ್ಲಿ ನಡೆದೇ ಓದಬೇಕಾಗಿತ್ತು. ಮನೆಗೊಬ್ಬರಂತೆ ಕೊಲ್ಲಿ ರಾಷ್ಟ್ರಗಳಿಗೆ ಹೋಗಿರುವ ನಮ್ಮ ಜಿಲ್ಲೆಯವರಿಗೆ ಅದು ಪರದೇಶದ ವಿಷಯವೆಂದು ಹೇಳುವ ಧೈರ್ಯ ನನಗಿಲ್ಲ.

ಚಿತ್ರಗಳಿಗೆ ಚೌಕಟ್ಟು ಹಾಕುವವ, ಕುಂಬಳೆ:

ಹಣದ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ವಾಣಿಜ್ಯ ಗ್ಯಾಲರಿಗಳು ಸಾಮಾನ್ಯವಾಗಿ ಮಾರಾಟದ ಬೆಲೆಯಲ್ಲಿ ಅರ್ಧದಷ್ಟನ್ನು ಇಟ್ಟುಕೊಳ್ಳುತ್ತವೆ, ಬದಲಿಗೆ ಪ್ರಚಾರ, ಕ್ಯಾಟಲಾಗು, ಸಾಗಣೆ ಮುಂತಾದವನ್ನು ನೋಡಿಕೊಳ್ಳುತ್ತವೆ. ಅಕ್ಕನವರು ಹೇಳಿದ ಅಕ್ಟೋಬರ್ ಗ್ಯಾಲರಿ ದತ್ತಿ ಸಂಸ್ಥೆಯಾಗಿದ್ದು, ಮಾರಾಟದ ಜೊತೆಗೆ ಸಭಾಂಗಣದ ಬಾಡಿಗೆ ಮತ್ತು ಅನುದಾನಗಳಿಂದಲೂ ನಡೆಯುತ್ತದೆ. ಶಾಲೆಗೆ ಹೊಂದುವುದು ಈ ಕ್ರಮವೇ. ವಿದೇಶದ ಮೂಲ ಕೃತಿಗಳನ್ನು ತರಿಸುವುದಾದರೆ ಸಾಗಣೆ, ವಿಮೆ ಮತ್ತು ಕಸ್ಟಮ್ಸ್ ಸೇರಿ ಕೃತಿಯ ಬೆಲೆಯನ್ನೇ ಮೀರಬಹುದು; ಆದ್ದರಿಂದ ಮೊದಲ ವರ್ಷ ವಿಡಿಯೊ ಕೃತಿಗಳು, ಕಾಗದದ ಮೇಲಿನ ಮುದ್ರಣಗಳು, ಇಲ್ಲೇ ಬಂದು ಕೆಲಸ ಮಾಡುವ ಕಲಾವಿದರು, ಇಷ್ಟಕ್ಕೇ ನಿಲ್ಲಿಸಿ. ಇನ್ನು ನಮ್ಮ ಮಳೆಗಾಲ: ಹಂಚಿನ ಮಾಡಿನ ಕೊಠಡಿಯಲ್ಲಿ ಜೂನ್ ತಿಂಗಳಿನಿಂದ ಕಾಗದಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಚೌಕಟ್ಟನ್ನು ಗೋಡೆಗೆ ತಾಗಿಸದೆ ಹಿಂದೆ ಗಾಳಿಯಾಡಲು ಜಾಗ ಬಿಡಬೇಕು, ಗಾಜು ಕಾಗದಕ್ಕೆ ಅಂಟದಂತೆ ನಡುವೆ ದಪ್ಪ ರಟ್ಟು ಕೊಡಬೇಕು. ಪ್ರದರ್ಶನವನ್ನು ನವೆಂಬರಿನಿಂದ ಮಾರ್ಚಿಯೊಳಗೆ ಮುಗಿಸುವುದು ಕ್ಷೇಮ.

ಚಿತ್ರಕಲಾ ಅಧ್ಯಾಪಕ, ಬದಿಯಡ್ಕ:

ಮೂವರಿಗೂ ಕೃತಜ್ಞತೆಗಳು. ಆಚರಣೆಯಲ್ಲಿ ಬಳಸುವ ಯಾವ ವಸ್ತುವನ್ನೂ ತರುವುದಿಲ್ಲ, ಕಲಾವಿದರು ಪ್ರದರ್ಶನಕ್ಕೆಂದೇ ಮಾಡಿದ ಕೃತಿಗಳನ್ನು ಮಾತ್ರ ದೇಶ, ಜಾತಿ ನೋಡದೆ ಒಂದೇ ಸಾಲಿನಲ್ಲಿ ಇಡುತ್ತೇವೆ ಎಂಬ ಪ್ರಸ್ತಾಪವನ್ನು ಮುಂದಿನ ಸಭೆಗೆ ಬರೆದಿಟ್ಟಿದ್ದೇನೆ. ಫಲಕಗಳಲ್ಲಿ ಮೊದಲು ಕಲಾವಿದರ ಹೆಸರು, ಆಮೇಲೆ ವರ್ಷ, ಮಾಧ್ಯಮ ಮತ್ತು ಊರು ಇರುತ್ತವೆ, ಕನ್ನಡ ಮತ್ತು ಮಲಯಾಳಂ ಎರಡರಲ್ಲೂ. ಹೊಸದುರ್ಗದವರು ತಮ್ಮ ಮನೆತನದ ಹಿರಿಯರೊಬ್ಬರನ್ನು ಆಯ್ಕೆ ಸಮಿತಿಗೆ ಒಪ್ಪಿಸಿ ಕಳುಹಿಸಬಹುದೇ? ಅವರು ಬೇಡವೆಂದ ಕೃತಿಯನ್ನು ನಾವು ತೂಗುಹಾಕುವುದಿಲ್ಲ ಎಂಬ ಮಾತನ್ನೂ ನಿಯಮಾವಳಿಯಲ್ಲಿ ಸೇರಿಸುತ್ತೇನೆ.