6 ಡಿಗ್ರಿ ಇಳಿಜಾರಿನ ಚಾವಣಿಗೆ ಯಾವ ಶೀಟ್? ಮೇಲೆ ಸೋಲಾರ್ ಕೂರಬೇಕು

ಬಕೆಟ್ ಇಟ್ಟವ:
ಮನೆಯ ಚಾವಣಿ ಬದಲಾಯಿಸಬೇಕಾಗಿದೆ. ಇಳಿಜಾರು ತುಂಬಾ ಕಡಿಮೆ. ರಸಮಟ್ಟ ಇಟ್ಟು ಅಳೆದೆ, 1 ಮೀಟರ್‌ಗೆ 10 ಸೆಂಟಿಮೀಟರ್ ಇಳಿಯುತ್ತದೆ. ಅಂದರೆ ಹೆಚ್ಚು ಕಡಿಮೆ 6 ಡಿಗ್ರಿ. ಈಗಿರುವುದು ಮೇಲಿಂದ ಸ್ಕ್ರೂ ಹೊಡೆದ ತಗಡಿನ ಶೀಟ್, 9 ಮೀಟರ್ ಉದ್ದ. ಸೋರುವುದೆಲ್ಲ ಸ್ಕ್ರೂ ಇರುವ ಕಡೆಯೇ. ಹೋದ ವಾರ ಹತ್ತಿ ಒಂದನ್ನು ಬಿಚ್ಚಿದೆ. ಅದರಡಿಯ ರಬ್ಬರ್ ವಾಷರ್ ಬೆರಳಲ್ಲೇ ಹುಡಿಯಾಯ್ತು. ತೂತು ಕೂಡ ದುಂಡಗಿಲ್ಲ, ಮೊಟ್ಟೆಯ ಹಾಗೆ ಉದ್ದಕ್ಕೆ ಎಳೆದುಕೊಂಡಿದೆ.

ಇದರ ಮೇಲೆ 12 ಪ್ಯಾನೆಲ್ ಹಾಕಿಸುವ ಯೋಚನೆ. ಪ್ಯಾನೆಲ್ 25 ವರ್ಷ ಬಾಳುತ್ತದೆ. ಅಡಿಯ ಶೀಟ್ 12ನೇ ವರ್ಷಕ್ಕೇ ಕೈಕೊಟ್ಟರೆ ಎಲ್ಲವನ್ನೂ ಇಳಿಸಿ ಮತ್ತೆ ಏರಿಸಬೇಕಲ್ವಾ? ಸೋಲಾರ್‌ನವರನ್ನು ಕೇಳಿದರೆ "ಯಾವ ಶೀಟ್ ಹಾಕಿದ್ರೂ ನಾವು ಕೂರಿಸ್ತೀವಿ" ಅಂತಾರೆ. ಅದೇ ನನಗೆ ಭಯ.

ತಗಡಿನ ಕೈ:
ನಾನು ತಗಡಿನ ಕೆಲಸದವನು, ಹಾಗಾಗಿ ತಗಡಿನ ಪರವೇ ಮಾತಾಡುತ್ತೇನೆ. ಮೊದಲೇ ಹೇಳಿಬಿಟ್ಟೆ.

ಹಂಚು, ಡಾಂಬರು ಶಿಂಗಲ್ (ಹಂಚಿನ ಹಾಗೆ ಒಂದರ ಮೇಲೊಂದು ಹೊದಿಸುವ ಡಾಂಬರಿನ ಬಿಲ್ಲೆ) ಎರಡನ್ನೂ ಮರೆತುಬಿಡಿ. ಶಿಂಗಲ್‌ಗೆ ಕನಿಷ್ಠ 12ಕ್ಕೆ 2 ಇಳಿಜಾರು ಬೇಕು, ಅಂದರೆ ಸುಮಾರು 9.5 ಡಿಗ್ರಿ. ಹಂಚಿಗೆ ಇನ್ನೂ ಜಾಸ್ತಿ. ಇವು ನೀರನ್ನು ಜಾರಿಸುತ್ತವೆ ಅಷ್ಟೇ, ತಡೆಯುವುದಿಲ್ಲ. ಇಳಿಜಾರು ಸಾಲದಿದ್ದರೆ ಗಾಳಿ ನೀರನ್ನು ವಾಪಸ್ ಸಂದಿಯೊಳಗೆ ತಳ್ಳುತ್ತದೆ.

ನಿಮ್ಮ ಮೊಟ್ಟೆ ತೂತು ಬಿಸಿಲಿನ ಕೆಲಸ. ಉಕ್ಕು ಮೀಟರ್‌ಗೆ, ಪ್ರತಿ ಡಿಗ್ರಿಗೆ 0.012 ಮಿಲಿಮೀಟರ್ ಹಿಗ್ಗುತ್ತದೆ. 9 ಮೀಟರ್ ಶೀಟ್, 50 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. 5 ಮಿಲಿಮೀಟರ್ ದಾಟಿತು. ಬಿಸಿಲೇರಿದಾಗ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಸ್ಕ್ರೂ ಮಾತ್ರ ನಿಂತಲ್ಲೇ ಇರುತ್ತದೆ. ಅಲ್ಯೂಮಿನಿಯಂ ಆದರೆ ಇದರ ಎರಡರಷ್ಟು.

ಸ್ಟ್ಯಾಂಡಿಂಗ್ ಸೀಮ್ ಹಾಕಿಸಿ. ಪಟ್ಟಿಗಳ ಅಂಚು ಎದ್ದು ನಿಂತು ಒಂದಕ್ಕೊಂದು ಮಡಚಿಕೊಂಡಿರುತ್ತವೆ. ಹಿಡಿಯುವ ಕ್ಲಿಪ್ ಆ ಮಡಿಕೆಯೊಳಗೆ ಅಡಗಿರುತ್ತದೆ, ಹಿಗ್ಗಿದಾಗ ಶೀಟ್ ಜಾರಲು ಜಾಗ ಸಿಗುತ್ತದೆ. ಪ್ಯಾನೆಲ್‌ಗೂ ತೂತು ಬೇಡ, ಕ್ಲ್ಯಾಂಪ್ ಎದ್ದ ಮಡಿಕೆಯನ್ನೇ ಕಚ್ಚಿ ಹಿಡಿಯುತ್ತದೆ. ಆದರೆ 6 ಡಿಗ್ರಿಗೆ ಸುಮ್ನೆ ಒತ್ತಿ ಕೂರಿಸುವ ಸ್ನ್ಯಾಪ್ ಲಾಕ್ ಬೇಡ. ಮೆಷಿನ್ ಓಡಿಸಿ ಎರಡು ಸುತ್ತು ಮಡಚುವಂಥದ್ದನ್ನೇ ಕೇಳಿ.

ಚಪ್ಪಟೆ ಪಕ್ಷ:
ಸ್ಕೈಲೈಟ್, ಚಿಮಣಿ, ಪೈಪು ಜಾಸ್ತಿ ಇದ್ದರೆ ನಾನು ಟಿಪಿಒ ಮೆಂಬ್ರೇನ್, ಅಂದರೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಅನ್ನುತ್ತೇನೆ. ಅದು ಚಪ್ಪಟೆ ಚಾವಣಿಗೆಂದೇ ಇರುವುದು. ಹಾಳೆಗಳನ್ನು ಬಿಸಿಗಾಳಿಯಲ್ಲಿ ಬೆಸೆಯುತ್ತಾರೆ, ಸಂದಿಯೇ ಉಳಿಯುವುದಿಲ್ಲ. ತೊಂದರೆ ಇರುವುದು ಪ್ಯಾನೆಲ್ ಕಾಲಿನದು. ಕಾಂಕ್ರೀಟ್ ಬ್ಲಾಕ್ ಹೇರಿ ನಿಲ್ಲಿಸೋಣ ಅಂದರೆ ನಿಮ್ಮ ಇಳಿಜಾರಿನಲ್ಲಿ ಜಾರುವ ಭಯ, ಜಂತಿಗೂ ಭಾರ. ಇಲ್ಲದಿದ್ದರೆ ಪ್ರತಿ ಕಾಲಿಗೂ ತೂತು, ಪ್ರತಿ ತೂತಿಗೂ ತೇಪೆ.

ಬಕೆಟ್ ಇಟ್ಟವ:
ಇರುವುದು ಎರಡೇ ಪೈಪು. ಹಾಗಾದರೆ ಸೀಮ್ ಕಡೆಗೇ ಮನಸ್ಸು. ಮಳೆ ಸದ್ದು ಹೇಗೆ? ಪ್ಯಾನೆಲ್‌ಗಳನ್ನು ಸ್ವಲ್ಪ ಎತ್ತಿ ಕಟ್ಟಿಸಲಾ?

ತಗಡಿನ ಕೈ:
ಸದ್ದು ಅಡಿಯಲ್ಲೇನಿದೆ ಅನ್ನುವುದರ ಮೇಲೆ. ಗಟ್ಟಿ ಹಲಗೆ ಹಾಸಿ ಅದರ ಮೇಲೆ ಹಾಕಿದರೆ ಕಡಿಮೆ, ಬರೀ ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಮೇಲಾದರೆ ಡೋಲು.

ಎತ್ತಬೇಡಿ. ಪ್ಯಾನೆಲ್ಲು, ರೇಲು ಸೇರಿ ಚದರ ಮೀಟರ್‌ಗೆ 15 ಕಿಲೋ ಆಸುಪಾಸು, ತೂಕ ದೊಡ್ಡದಲ್ಲ. ಗಾಳಿ ಅಡಿಗೆ ನುಗ್ಗಿ ಎತ್ತುತ್ತದಲ್ಲ, ಲೆಕ್ಕ ಹಾಕಬೇಕಾದದ್ದು ಅದನ್ನು. ಚಾವಣಿಗೆ ಸಮನಾಗಿ ಮಲಗಿಸಿ, ಗಾಳಿಯಾಡಿ ತಂಪಾಗಲು ನಡುವೆ 10 ಸೆಂಟಿಮೀಟರ್ ಜಾಗ ಬಿಡಿ. ಪ್ಯಾನೆಲ್ ಬಿಸಿಯಾದಂತೆ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಕರೆಂಟ್ ಕಡಿಮೆಯಾಗುತ್ತದೆ. ಹಾಂ, ಇಷ್ಟು ಚಪ್ಪಟೆ ಇದ್ದರೆ ಮಳೆ ಪೂರ್ತಿ ತೊಳೆಯುವುದಿಲ್ಲ. ಕೆಳಗಿನ ಚೌಕಟ್ಟಿನ ಹತ್ತಿರ ಕೆಸರು ಕಟ್ಟುತ್ತದೆ, ಆಗಾಗ ಒರೆಸಬೇಕು.

ಇನ್ನೊಂದು ಮಾತು, ಅರ್ಥಿಂಗ್‌ನ ಬರಿ ತಾಮ್ರದ ತಂತಿ ಶೀಟ್‌ಗೆ ತಾಗಬಾರದು. ಒಂದು ಚಾವಣಿಯಲ್ಲಿ ಕಣ್ಣಾರೆ ನೋಡಿದ್ದೇನೆ. ತಂತಿ ಮಲಗಿದ್ದ ಉದ್ದಕ್ಕೂ ಲೇಪ ತಿಂದುಹೋಗಿ ಕೆಂಪು ಗೆರೆ ಎದ್ದಿತ್ತು, ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ. ಕ್ಲ್ಯಾಂಪಿನ ಸ್ಕ್ರೂ ತುದಿಯೂ ದುಂಡಗಿರಲಿ. ಚೂಪಾಗಿದ್ದರೆ ಲೇಪ ಸೀಳುತ್ತದೆ. ಮಡಿಕೆಯ ಆಕಾರಗಳು ಬೇರೆ ಬೇರೆ, ಎಲ್ಲಕ್ಕೂ ಒಂದೇ ಕ್ಲ್ಯಾಂಪ್ ಕೂರುವುದಿಲ್ಲ.

ಬಕೆಟ್ ಇಟ್ಟವ:
ಸರಿ. ನಾಳೆ ಶೀಟಿನವರ ಹತ್ತಿರ ಗೇಣುದ್ದ ಮಡಚಿದ ತುಂಡು, ಸೋಲಾರ್‌ನವರ ಹತ್ತಿರ ಒಂದು ಕ್ಲ್ಯಾಂಪ್ ಕೇಳಿ ತರುತ್ತೇನೆ. ಎರಡೂ ನನ್ನ ಮೇಜಿನ ಮೇಲೆ ಸರಿಯಾಗಿ ಕೂತರೆ ಆಮೇಲೆ ಆರ್ಡರ್.